ವಾರ್ಡಿಗೆ ಯಾರು ಬಂದರೆ ನಮಗೆ ಒಳ್ಳೆಯದು? ನಗರಸಭೆ ನೌಕರರಿಗೆ ಒಂದಿಷ್ಟು ಕಿವಿಮಾತು

ನಾನು ನಗರಸಭೆಯ ಆರೋಗ್ಯ ವಿಭಾಗದಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಚುನಾವಣೆ ಹತ್ತಿರ ಬಂತೆಂದರೆ ಕಚೇರಿಯ ಹುಡುಗರು ಕೇಳುವುದು ಒಂದೇ: "ಸಾರ್, ನಮ್ಮ ಪರ ಇರೋರು ಯಾರು?" ನಾನು ಹೆಸರು ಹೇಳುವುದಿಲ್ಲ. ಕಂಡುಹಿಡಿಯುವುದು ಹೇಗೆ ಅಂತ ಮಾತ್ರ ಹೇಳುತ್ತೇನೆ.

ಮೊದಲು ನಿಮ್ಮ ಗೆರೆ ಎಲ್ಲಿದೆ ನೋಡಿಕೊಳ್ಳಿ. ಸರ್ಕಾರಿ ನೌಕರರ ನಡತೆ ನಿಯಮಗಳ ಪ್ರಕಾರ ನೀವು ಮತ ಹಾಕಬಹುದು, ಅಷ್ಟೇ. ಪ್ರಚಾರ ಮಾಡುವಂತಿಲ್ಲ. ಯಾರಿಗೆ ಹಾಕುತ್ತೀರಿ, ಯಾರಿಗೆ ಹಾಕಿದಿರಿ ಅನ್ನುವ ಸುಳಿವೂ ಕೊಡುವಂತಿಲ್ಲ. ಆದ್ದರಿಂದ ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ಅಭ್ಯರ್ಥಿಯ ಫೋಟೋ ಹಾಕಬೇಡಿ, ಸ್ಟೇಟಸ್ಸಿನಲ್ಲೂ ಬೇಡ. ಸ್ಕ್ರೀನ್‌ಶಾಟ್ ತೆಗೆಯುವವನು ನಿಮ್ಮ ಪಕ್ಕದ ಟೇಬಲ್ಲಿನಲ್ಲೇ ಇರುತ್ತಾನೆ.

ಇನ್ನು ಏನು ಕೇಳಬೇಕು ಅನ್ನುವುದು. ಜಾಸ್ತಿ ಜನ ಎಡವುವುದೇ ಇಲ್ಲಿ. ವಾರ್ಡಿನ ಅಭ್ಯರ್ಥಿಯನ್ನು ಹಿಡಿದುಕೊಂಡು "ಹಳೆ ಪಿಂಚಣಿ ಕೊಡಿಸ್ತೀರಾ?" ಅಂತ ಕೇಳುತ್ತಾರೆ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರು ಹೊಸ ಪಿಂಚಣಿ ಯೋಜನೆ, ಅಂದರೆ ಎನ್‌ಪಿಎಸ್‌ನಲ್ಲಿದ್ದಾರೆ, ಅವರ ಸಂಕಟ ನಿಜ. ಆದರೆ ಅದು ವಿಧಾನಸೌಧದ ವಿಷಯ. 2024ರ ಆಗಸ್ಟ್‌ನಿಂದ ಜಾರಿಯಾದ ಏಳನೇ ವೇತನ ಆಯೋಗದ ಸಂಬಳವೂ ಅಷ್ಟೇ. ಅದಕ್ಕೂ "ಆಯ್ತು, ಮಾಡಿಸೋಣ" ಅನ್ನುವ ಅಭ್ಯರ್ಥಿಗೆ ತನ್ನ ಕೆಲಸವೇ ಗೊತ್ತಿಲ್ಲ, ಇಲ್ಲಾ ನಿಮ್ಮ ಕಿವಿಗೆ ಹೂ ಇಡುತ್ತಿದ್ದಾನೆ.

ಸದಸ್ಯನ ಕೈಯಲ್ಲಿ ಇರುವುದೇ ಬೇರೆ. ಬಜೆಟ್ಟಿನಲ್ಲಿ ಗ್ಲೌಸು, ಬೂಟಿಗೆ ಎಷ್ಟು ಇಟ್ಟರು? ಪೌರಕಾರ್ಮಿಕರಿಗೆ ಬಟ್ಟೆ ಬದಲಿಸಲು, ಕೂತು ತಿಂಡಿ ತಿನ್ನಲು ಕೋಣೆ ಇದೆಯಾ? ಖಾಲಿ ಹುದ್ದೆ ತುಂಬಿ ಅಂತ ಮೇಲಕ್ಕೆ ಪ್ರಸ್ತಾವ ಕಳಿಸಲು ಸಭೆಯಲ್ಲಿ ಒತ್ತಾಯ ಮಾಡಿದವರು ಯಾರು? ಹೊರಗುತ್ತಿಗೆ ಏಜೆನ್ಸಿಯ ಬಿಲ್ ಬಂದಾಗ "ಹುಡುಗರ ಪಿಎಫ್ ಕಟ್ಟಿದ ರಸೀದಿ ಎಲ್ಲಿ?" ಅಂದವರು ಯಾರು?

ಪಿಎಫ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಕಸದ ಗಾಡಿಯ ಡ್ರೈವರ್ ಹೊರಗುತ್ತಿಗೆಯವನಾದರೆ ಅವನ ಮೊಬೈಲಿನಲ್ಲಿ ಉಮಂಗ್ ಆ್ಯಪ್ ತೆರೆಸಿ, ಪಿಎಫ್ ಪಾಸ್‌ಬುಕ್ ನೋಡಿ. ಸಂಬಳದ ಚೀಟಿಯಲ್ಲಿ ಶೇ. 12 ಹಿಡಿದಿರುತ್ತಾರೆ. ಪಾಸ್‌ಬುಕ್ಕಿನಲ್ಲಿ ಎಷ್ಟೋ ಸಲ ಆ ತಿಂಗಳ ಜಮೆ ಇರುವುದೇ ಇಲ್ಲ. ಈಗಿನ ಸದಸ್ಯ ಮತ್ತೆ ನಿಂತಿದ್ದರೆ ಅವನ ಮುಂದೆ ಇಡಬೇಕಾದ್ದು ಇದೇ ಪಾಸ್‌ಬುಕ್. ಉತ್ತರಕ್ಕಿಂತ ಮುಖ ನೋಡಿ, ಗೊತ್ತಾಗುತ್ತದೆ.

ಹಳೆ ಸದಸ್ಯರನ್ನು ಅಳೆಯಲು ನಡಾವಳಿಯಂಥ, ಅಂದರೆ ಸಭೆಯಲ್ಲಿ ನಡೆದದ್ದನ್ನು ಬರೆದಿಟ್ಟ ದಾಖಲೆಯಂಥ, ಸಾಕ್ಷಿ ಇನ್ನೊಂದಿಲ್ಲ. ಸಾಮಾನ್ಯ ಸಭೆಯ ನಡಾವಳಿಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಯಾರು ಬೇಕಾದರೂ ಕೇಳಬಹುದು. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಇರಬೇಕು, 150 ಪದ ದಾಟಬಾರದು. ಹಾಗಾಗಿ ಚುನಾವಣೆ ಘೋಷಣೆ ಆಗುವವರೆಗೆ ಸುಮ್ನೆ ಕೂರಬೇಡಿ, ಆಮೇಲೆ ಹಾಕಿದರೆ ಉತ್ತರ ಬರುವಷ್ಟರಲ್ಲಿ ಎಣಿಕೆಯೇ ಮುಗಿದಿರುತ್ತದೆ. ಪ್ರತಿ ಬಂದ ಮೇಲೆ ಮೊದಲು ಹಾಜರಿ ಸಹಿ ನೋಡಿ. ನಂತರ ನೌಕರರ ವಿಷಯ ಬಂದ ಕಡೆ ಬೆರಳಿಟ್ಟು ಓದಿ. "ಚರ್ಚಿಸಿ ಮುಂದಿನ ಸಭೆಗೆ ಮುಂದೂಡಲಾಯಿತು" ಅಂತ ಸಭೆ ಸಭೆಗೂ ಬರೆದಿದ್ದರೆ ಆ ಚರ್ಚೆ ಎಂಥದ್ದು ಅಂತ ನಾನು ಹೇಳಬೇಕಿಲ್ಲ, ಅಲ್ವಾ?

ಹೊಸ ಮುಖವಾದರೆ ನಾಮಪತ್ರದ ಜೊತೆ ಕೊಟ್ಟ ಅಫಿಡವಿಟ್ ಓದಿ. ಆಸ್ತಿ, ಕೇಸುಗಳನ್ನು ಎಲ್ಲರೂ ನೋಡುತ್ತಾರೆ. ನೀವು ಉದ್ಯೋಗ ಏನು ಅಂತ ಬರೆದಿದ್ದಾರೆ ನೋಡಿ, ಹೆಂಡತಿಯದೂ ಸೇರಿಸಿ. ಸದಸ್ಯನಾದವನು ತನ್ನದೇ ನಗರಸಭೆಯ ಗುತ್ತಿಗೆಯಲ್ಲಿ ಪಾಲು ಇಟ್ಟುಕೊಳ್ಳುವಂತಿಲ್ಲ. ಬಾಮೈದನ ಹೆಸರಿನಲ್ಲಿ ಏಜೆನ್ಸಿ ಇದ್ದರೆ ಕಾಗದದಲ್ಲಿ ಸಿಗುವುದಿಲ್ಲ, ಬಿಲ್ ಸೆಕ್ಷನ್ನಿನವರಿಗೆ ಗೊತ್ತಿರುತ್ತದೆ. ಕಾರ್ಮಿಕರನ್ನು ಒದಗಿಸುವ ಗುತ್ತಿಗೆದಾರನ ಮನೆಯವನು ಕಾರ್ಮಿಕರ ಪರ ಮಾತಾಡುತ್ತಾನೆ ಅಂತ ನನಗಂತೂ ನಂಬಿಕೆ ಇಲ್ಲ.

ಪ್ರಶ್ನೆಗಳನ್ನು ಅವರು ನಿಮ್ಮ ಮನೆ ಬಾಗಿಲಿಗೆ ಬಂದಾಗ ಕೇಳಿ, ಮತದಾರರಾಗಿ. ಬಂದವರಿಗೆಲ್ಲ ಅದೇ ಪ್ರಶ್ನೆ, ಅದೇ ಮಾತಿನಲ್ಲಿ. ಅವರ ಸಭೆಗೆ ಹೋಗಿ ಮೈಕು ಹಿಡಿಯಬೇಡಿ. ಉತ್ತರವನ್ನು ಅವತ್ತೇ ಬರೆದಿಟ್ಟುಕೊಳ್ಳಿ, ತಾರೀಖು ಹಾಕಿ. ಪಕ್ಷದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಗ್ರಾಮ ಪಂಚಾಯಿತಿ ನೌಕರರಿಗಂತೂ ಅದು ಇನ್ನೂ ಸುಲಭ, ಅಲ್ಲಿ ಪಕ್ಷದ ಚಿಹ್ನೆಯೇ ಇರುವುದಿಲ್ಲ.

ಗೆದ್ದವರು ಯಾರೇ ಆಗಲಿ, ಬರೆದಿಟ್ಟ ಹಾಳೆ ಎಸೆಯಬೇಡಿ. ಏಪ್ರಿಲ್ 1ಕ್ಕೆ ಹೊಸ ಆರ್ಥಿಕ ವರ್ಷ ಶುರು. ಅದಕ್ಕೆ ಎರಡು ಮೂರು ತಿಂಗಳು ಮುಂಚೆಯೇ, ಬಜೆಟ್ ಇನ್ನೂ ಕರಡಿನಲ್ಲಿರುವಾಗ, ನೌಕರರ ಸಂಘದ ಮನವಿಯ ಜೊತೆ ಆ ಹಾಳೆಯನ್ನೂ ತೆಗೆದುಕೊಂಡು ಹೋಗಿ.