ತೋಟ ಬಿಟ್ಟು ಲೆಕ್ಕ ಹಾಕಿದ ಮೇಲೆ ಸರಿಹೋಯ್ತು

2011ರ ಜನಗಣತಿಯಲ್ಲಿ ಮಡಿಕೇರಿ ಪಟ್ಟಣದ ಜನಸಂಖ್ಯೆ 33,381. ಯಾವ ವಾರ್ಡಿನಲ್ಲಿ ಎಷ್ಟು ಒತ್ತಾಗಿ ಇದ್ದಾರೆ ಅಂತ ನಕ್ಷೆ ಮಾಡಲು ಕೂತೆ. ಮೊದಲು ವಿಸ್ತೀರ್ಣವೇ ತಪ್ಪಾಗಿ ಬಂತು, ನಕ್ಷೆ ಅಕ್ಷಾಂಶ-ರೇಖಾಂಶದ ಡಿಗ್ರಿಯಲ್ಲಿತ್ತು. ಮೀಟರಿನಲ್ಲಿ ಅಳೆಯುವ ಯುಟಿಎಂ ನಕ್ಷಾ ಪದ್ಧತಿಯ 43 ಉತ್ತರ ವಲಯಕ್ಕೆ ಬದಲಿಸಿದೆ.

ನಿಜವಾದ ತೊಂದರೆ ಬೇರೆ ಇತ್ತು. ನಮ್ಮ ಹಿಂದಿನ ಇಳಿಜಾರಿನಲ್ಲಿ ಕೆಳಗಿನ ಮನೆಯ ಶೀಟಿನ ಮಟ್ಟಕ್ಕೆ ಮೇಲಿನ ಮನೆಯ ಅಂಗಳ. ಅಷ್ಟು ಇಕ್ಕಟ್ಟು. ನಕ್ಷೆಯಲ್ಲಿ ಮಾತ್ರ ಆ ವಾರ್ಡು ಖಾಲಿ ಖಾಲಿ! ಯಾಕಂದ್ರೆ ಕಾಫಿ ತೋಟ, ಕಾಡು ಎಲ್ಲಾ ಅದರೊಳಗೇ ಸೇರಿತ್ತು.

ಹೀಗೆ ಯೋಚಿಸಿ. 1 ಚದರ ಕಿಲೋಮೀಟರಿನಲ್ಲಿ 1,000 ಜನ. ಅದರಲ್ಲಿ 900 ಜನ ಬರೀ 0.1 ಚದರ ಕಿಲೋಮೀಟರಿನಲ್ಲಿದ್ದರೆ, ಅವರ ಸುತ್ತಲಿನ ಸಾಂದ್ರತೆ ಚದರ ಕಿಲೋಮೀಟರಿಗೆ 9,000. ಉಳಿದವರದು ಸುಮಾರು 111. ಜಾಗದ ಬದಲು ಜನರ ಲೆಕ್ಕದಲ್ಲಿ, ಅಂದ್ರೆ ಒಬ್ಬೊಬ್ಬರ ಸುತ್ತಲಿನ ಸಾಂದ್ರತೆ ಕೂಡಿಸಿ ಸರಾಸರಿ ತೆಗೆದರೆ ಸುಮಾರು 8,100 ಬರುತ್ತದೆ. ಅಲ್ಲಿ ಬದುಕುವವರ ಅನುಭವ ಇದೇ ಅಲ್ವಾ?

ಹಾಗಾಗಿ ಉಪಗ್ರಹ ಚಿತ್ರದಲ್ಲಿ ಚಾವಣಿಗಳನ್ನು ಗುರುತಿಸಿ, 100 ಮೀಟರ್ ಚೌಕಗಳಿಗೆ ವಾರ್ಡಿನ ಜನರನ್ನು ಹಂಚಿದೆ. ಜನ ಒತ್ತಾಗಿರುವ ಕಡೆ ಕೆಂಪು ಬಣ್ಣ; ಇಳಿಜಾರು ಕಡುಕೆಂಪಾಯಿತು. ಒಂದು ತೋಟದ ಮೂಲೆಯೂ ಸುಮ್ನೆ ಕೆಂಪಾಗಿತ್ತು. ಹೋಗಿ ನೋಡಿದರೆ ಹೋಂಸ್ಟೇ ಕಾಟೇಜುಗಳು. ಅವನ್ನು ತೆಗೆದುಹಾಕಿದೆ, ಪಕ್ಕದ ತೋಟದ ಕಾರ್ಮಿಕರ ಲೈನ್ ಮನೆಗಳನ್ನು ಉಳಿಸಿಕೊಂಡೆ.