ಮೊದಲು ಬೆಳ್ಳಿ, ಆಮೇಲೆ ಚಿನ್ನ: ಕಡಗದ ಅಳತೆಯಲ್ಲಿ ನನ್ನ ಅನುಭವ

ಹೋದ ಅಕ್ಷಯ ತೃತೀಯದಿಂದ ಈಚೆಗೆ ನಾನು ಮಾಡಿಕೊಟ್ಟ ತಿರುಪಿನ ಕಡಗ, ಬ್ರೇಸ್‌ಲೆಟ್‌ಗಳಲ್ಲಿ ಅಳತೆ ಸರಿಯಿಲ್ಲ ಅಂತ ವಾಪಸ್ ಬಂದದ್ದು ಒಂದೋ ಎರಡೋ. ಮೊದಲು ಹತ್ತಕ್ಕೆ ಮೂರಾದರೂ ಬರುತ್ತಿದ್ದವು. ಮಣಿಕಟ್ಟಿನ ಅಳತೆ ತೆಗೆದು, ನಕಲು ಕಡಗ ಕೊಟ್ಟು, ಒಂದು ವಾರ ಹಾಕಿಕೊಂಡು ಓಡಾಡಿ ಬನ್ನಿ ಅಂತ ಗಿರಾಕಿಯನ್ನು ಕಳಿಸುವ ಪದ್ಧತಿ ಶುರು ಮಾಡಿದಾಗ ಶಿವಮೊಗ್ಗದ ಗಾಂಧಿ ಬಜಾರಿನ ನಮ್ಮ ಕಸುಬಿನವರೇ ತಲೆ ಆಡಿಸಿದ್ದರು. "ನಿಂದೊಳ್ಳೆ ದರ್ಜಿ ಕೆಲ್ಸ ಆಯ್ತಲ್ಲ ಮಾರಾಯ. ಒಂದು ವಾರ ಯಾರು ಕಾಯ್ತಾರೆ? ಪಕ್ಕದ ಅಂಗಡೀಲಿ ರೆಡಿಮೇಡ್ ತಗೊಂಡು ಹೋಗ್ತಾರೆ" ಅಂದರು. ಕಾಯುತ್ತಾರೆ. ಚಿನ್ನ ಗ್ರಾಂಗೆ ಹತ್ತು ಸಾವಿರ ದಾಟಿದ ಮೇಲಂತೂ ಖಂಡಿತ ಕಾಯುತ್ತಾರೆ.

ಎರಡು-ನಾಲ್ಕು, ಎರಡು-ಆರು ಅನ್ನುವ ಬಳೆ ಸೈಜು ನಮಗೆಲ್ಲ ಬಾಯಿಪಾಠ. ಎರಡು-ನಾಲ್ಕು ಅಂದರೆ ಒಳವ್ಯಾಸ ಎರಡೂಕಾಲು ಇಂಚು, ಸುಮಾರು 57 ಮಿಲಿಮೀಟರ್. ಎರಡು-ಆರು 60, ಎರಡು-ಎಂಟು 63 ಚಿಲ್ಲರೆ. ಒಂದು ಸೈಜಿನಿಂದ ಇನ್ನೊಂದಕ್ಕೆ ವ್ಯಾಸದಲ್ಲಿ ಮೂರೇ ಮಿಲಿಮೀಟರ್, ಆದರೆ ಸುತ್ತಳತೆಯಲ್ಲಿ ಹತ್ತು. ಗಾಜಿನ ಬಳೆಗೆ ಈ ಲೆಕ್ಕ ಸಾಕು. ಅದನ್ನು ಕೈಗೆ ಏರಿಸಬೇಕು, ಹಾಗಾಗಿ ಗೆಣ್ಣಿನ ಅಳತೆ ಸಿಕ್ಕರೆ ಕೆಲಸ ಮುಗಿಯಿತು. ತಿರುಪಿನ ಕಡಗ ಗೆಣ್ಣು ದಾಟಿ ಹೋಗುವುದೇ ಇಲ್ಲ, ಬಿಚ್ಚಿ ನೇರ ಮಣಿಕಟ್ಟಿಗೆ ಹಾಕುತ್ತಾರೆ. ಆದರೂ ಅಂಗಡಿಯವರು ಆರ್ಡರ್ ಚೀಟಿಯಲ್ಲಿ "2-6" ಅಂತ ಬರೆದು ಕಳಿಸುತ್ತಾರೆ. ವಾಪಸ್ ಬರುವ ಮಾಲಿನಲ್ಲಿ ಅರ್ಧಕ್ಕರ್ಧ ಈ ಚೀಟಿಯ ಫಲ.

ವಾಪಸ್ ಬಂದರೆ ಎಷ್ಟು ಕಳೆಯುತ್ತದೆ ಅಂತ ಕೂತು ಲೆಕ್ಕ ಹಾಕಿದವರು ಕಡಿಮೆ. ಕತ್ತರಿಸಬೇಕು, ಬೆಸೆಯಬೇಕು, ಅರ ಹಾಕಬೇಕು, ಮತ್ತೆ ಮೆರುಗು. ಪುಡಿಯಲ್ಲಿ, ಮೆರುಗಿನಲ್ಲಿ ಹದಿನೈದು ಇಪ್ಪತ್ತು ಮಿಲಿಗ್ರಾಂ ಹೋದರೂ ಈಗಿನ ದರಕ್ಕೆ ಇನ್ನೂರು ರೂಪಾಯಿ. 2023ರ ಏಪ್ರಿಲ್‌ನಿಂದ ಎಚ್‌ಯುಐಡಿ, ಅಂದರೆ ಒಡವೆಯ ಮೇಲಿನ ಹಾಲ್‌ಮಾರ್ಕ್ ಗುರುತಿನ ಸಂಖ್ಯೆ, ಇಲ್ಲದೆ ಮಾರುವ ಹಾಗಿಲ್ಲ, ಕತ್ತರಿಸಿ ಬೆಸೆದದ್ದನ್ನು ನಾನು ಮತ್ತೆ ಹಾಲ್‌ಮಾರ್ಕ್ ಸೆಂಟರಿಗೆ ಕಳಿಸುತ್ತೇನೆ. ಒಂದಕ್ಕೆ 45 ರೂಪಾಯಿ, ಮೇಲೆ ಟ್ಯಾಕ್ಸ್. ಅದು ದೊಡ್ಡ ದುಡ್ಡಲ್ಲ, ಹೋಗಿಬರುವ ಎರಡು ದಿನ ದೊಡ್ಡದು. ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ಇನ್ನೊಂದು. ನನಗೆ ವರ್ಷಗಟ್ಟಲೆ ಕೆಲಸ ಕೊಡುತ್ತಿದ್ದ ಒಂದು ಅಂಗಡಿ, ತಾವೇ ತಪ್ಪು ಸೈಜ್ ಬರೆದ ಮಾಲಿಗೂ ನನ್ನ ಮಜೂರಿಯಲ್ಲೇ ಹಿಡಿದುಕೊಳ್ಳುತ್ತಿತ್ತು. ಒಂದು ಮದುವೆ ಸೀಸನ್ನಿನಲ್ಲಿ ಹಾಗೆ ಹೋದದ್ದು ಹದಿನೆಂಟು ಸಾವಿರದ ಹತ್ತಿರ. ಅವತ್ತಿನಿಂದ ಗಿರಾಕಿಯ ಕೈ ನಾನೇ ಹಿಡಿದು ನೋಡದೆ ಕಡಗಕ್ಕೆ ತಂತಿ ಎಳೆಯುವುದಿಲ್ಲ ಅಂತ ಗಟ್ಟಿ ಮಾಡಿಕೊಂಡೆ.

ಮಣಿಕಟ್ಟು ದುಂಡಗಿಲ್ಲ, ಚಪ್ಪಟೆ. ಹೆಣ್ಣುಮಕ್ಕಳದ್ದು ಸಾಮಾನ್ಯವಾಗಿ ಅಗಲ 53-55 ಮಿಲಿಮೀಟರ್ ಇದ್ದರೆ ದಪ್ಪ 40ರ ಆಸುಪಾಸು. ಅದಕ್ಕೆ ದುಂಡನೆಯ ಕಡಗ ಹಾಕಿದರೆ ಮೇಲೆ ಕೆಳಗೆ ಜಾಗ ಉಳಿದು ಗಿರಗಿರ ತಿರುಗುತ್ತದೆ, ಮೇಲಿರಬೇಕಾದ ನವಿಲಿನ ಚಿತ್ತಾರ ಅಂಗೈ ಕಡೆಗೆ ಬಂದು ಕೂರುತ್ತದೆ. ಮೊಟ್ಟೆಯಾಕಾರದಲ್ಲಿ ಮಾಡಿದರೆ ತಿರುಗುವುದಿಲ್ಲ. ನನ್ನ ಲೆಕ್ಕ ಹೀಗೆ: ಅಗಲಕ್ಕೆ ಮೂರು ನಾಲ್ಕು ಮಿಲಿಮೀಟರ್ ಸೇರಿಸುತ್ತೇನೆ, ದಪ್ಪಕ್ಕೆ ಏಳೆಂಟು. 54ಕ್ಕೆ 40 ಇರುವ ಕೈಗೆ ಒಳಗಡೆ 58ಕ್ಕೆ 48. ಪಟ್ಟಿ ಅಗಲವಾದಷ್ಟೂ ಇನ್ನೂ ಸ್ವಲ್ಪ ಸಡಿಲ ಬೇಕು. ಮಣಿಕಟ್ಟಿನಿಂದ ಮೊಣಕೈ ಕಡೆಗೆ ಕೈ ದಪ್ಪಗಾಗುತ್ತಾ ಹೋಗುವುದರಿಂದ ಅಗಲ ಪಟ್ಟಿಯ ಹಿಂದಿನ ಅಂಚು ಒತ್ತುತ್ತದೆ. ನಾಲ್ಕು ಮಿಲಿಮೀಟರಿನ ಕಂಬಿಗೆ ಸರಿಹೋದ ಅಳತೆ ಹನ್ನೆರಡು ಮಿಲಿಮೀಟರಿನ ಪಟ್ಟಿಗೆ ಸರಿಹೋಗುವುದಿಲ್ಲ.

ಇಷ್ಟು ತಿಳಿದ ಮೇಲೂ ದೂರು ನಿಲ್ಲಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ತೆಗೆದ ಅಳತೆ ಸಂಜೆ ಸುಳ್ಳಾಗುತ್ತಿತ್ತು. ಸೆಕೆಗೆ, ನಿಂತು ಕೆಲಸ ಮಾಡಿದ್ದಕ್ಕೆ ಕೈ ಊದಿಕೊಳ್ಳುತ್ತದೆ. ಬಲಗೈಯವರ ಬಲಗೈ ಎಡಗೈಗಿಂತ ತುಸು ದಪ್ಪ. ಕಿರುಬೆರಳ ಕಡೆಯ ಉಬ್ಬುಮೂಳೆಯ ಮೇಲೆ ಹಾಕಿಕೊಳ್ಳುತ್ತಾರೋ ಕೆಳಗೋ ಎನ್ನುವುದು ಅಳತೆ ಟೇಪಿಗೆ ಗೊತ್ತಾಗುವುದಿಲ್ಲ, ಗಿರಾಕಿಗೇ ಗೊತ್ತಿರುವುದಿಲ್ಲ. ಹಾಕಿಕೊಂಡು ಪಾತ್ರೆ ತೊಳೆದು, ಸ್ಕೂಟರ್ ಓಡಿಸಿ, ಮಲಗಿ ಎದ್ದರೆ ಗೊತ್ತಾಗುತ್ತದೆ. ನಕಲು ಕಡಗದ ಯೋಚನೆ ಬಂದದ್ದು ಹೀಗೆ.

ಮೊದಲು ತಾಮ್ರದಲ್ಲಿ ಮಾಡಿದೆ. ತಾಮ್ರ ಅಗ್ಗ, ಎಳೆಯಲು ಸುಲಭ. ಎರಡನೇ ದಿನಕ್ಕೇ ಬೆವರಿಗೆ ಕೈ ಹಸಿರು. ಒಬ್ಬ ಟೀಚರಮ್ಮ ಬಂದು "ಆಚಾರ್ರೇ, ಕ್ಲಾಸಲ್ಲಿ ಮಕ್ಕಳು ಕೇಳ್ತಾವೆ, ಇದನ್ನ ನೀವೇ ಇಟ್ಕೊಳ್ಳಿ" ಅಂತ ಬಿಚ್ಚಿ ಮೇಜಿನ ಮೇಲಿಟ್ಟರು. ಹಿತ್ತಾಳೆಗೆ ಲ್ಯಾಕರ್ ಹೊಡೆಸಿ ನೋಡಿದೆ, ಸೋಪಿನ ನೀರಿಗೆ ಎದ್ದು ಬಂತು. ಕೊನೆಗೆ ಬೆಳ್ಳಿಗೆ ಬಂದೆ. ಇಪ್ಪತ್ತು ಚಿಲ್ಲರೆ ಅಳತೆಗಳಲ್ಲಿ ಮೊಟ್ಟೆಯಾಕಾರದ ಒಂದು ಸೆಟ್ಟು, ತೆಳು ಕಂಬಿ ಒಂದಿಷ್ಟು, ಅಗಲ ಪಟ್ಟಿ ಒಂದಿಷ್ಟು. ಆಗಿನ ಬೆಳ್ಳಿ ದರಕ್ಕೆ ಎಲ್ಲ ಸೇರಿ ಮೂವತ್ತು ಸಾವಿರದ ಹತ್ತಿರ ಹೂಡಿದೆ. ಮನೆಯಲ್ಲಿ ತಕರಾರು ಆಯಿತು, ಆಗಬೇಕಾದ್ದೇ. ಒಂದಕ್ಕೆ ಎರಡು ಸಾವಿರ ಡಿಪಾಜಿಟ್ ಇಟ್ಟುಕೊಂಡು ಕೊಡುತ್ತೇನೆ. ಮೊದಮೊದಲು ಡಿಪಾಜಿಟ್ ಇಲ್ಲದೆ ಕೊಡುತ್ತಿದ್ದಾಗ ನಾಲ್ಕೈದು ಕಡಗ ತಿರುಗಿ ಬರಲೇ ಇಲ್ಲ. ಬೆಳ್ಳಿ ಈಗ ಏರಿರುವ ಎತ್ತರ ನೋಡಿದರೆ ಆ ಸೆಟ್ಟೇ ನನಗೆ ಒಳ್ಳೆ ಆಸ್ತಿ.

ಬೆಳ್ಳಿಯಲ್ಲಿ ತೂಕದ ತೊಡಕೊಂದಿದೆ. ಎರಡು ಪವನಿನ, ಅಂದರೆ ಹದಿನಾರು ಗ್ರಾಂ ಚಿನ್ನದ ಕಡಗವನ್ನು ಅದೇ ಗಾತ್ರಕ್ಕೆ ಬೆಳ್ಳಿಯಲ್ಲಿ ಮಾಡಿದರೆ ಒಂಬತ್ತೂವರೆ ಗ್ರಾಂ ಬರುತ್ತದೆ. ಹಗುರವಾದದ್ದಕ್ಕೆ ಒಗ್ಗಿದ ಕೈಗೆ ಚಿನ್ನ ಹಾಕಿದ ದಿನ ಭಾರ ಅನಿಸುತ್ತದೆ, ಭಾರವಿದ್ದದ್ದು ಜಾರುವುದೂ ಹೆಚ್ಚು. ಒಳಗಿನ ಅಳತೆ ಕೆಡಿಸದೆ ತೂಕ ಸರಿದೂಗಿಸುವುದಕ್ಕೆ ಒಂದು ದಾರಿ ಹುಡುಕಿದ್ದೇನೆ. ಅದನ್ನು ಇಲ್ಲಿ ಹೇಳುವುದಿಲ್ಲ, ಅದಕ್ಕೆ ಎರಡು ಮಳೆಗಾಲ ಸವೆಸಿದ್ದೇನೆ. ತೂಕ ಬರಲಿ ಅಂತ ಮೈಗೆ ತಾಗುವ ಒಡವೆಯಲ್ಲಿ ಸೀಸ ಮಾತ್ರ ಬಳಸಬೇಡಿ ಅಂತ ಕಿರಿಯರಿಗೆ ಹೇಳುತ್ತೇನೆ.

ವಾರ ಕಳೆದು ಬಂದಾಗ ನಾನು ಮೊದಲು ನೋಡುವುದು ಕಡಗವನ್ನಲ್ಲ, ಕೈಯನ್ನು. ಉಬ್ಬುಮೂಳೆಯ ಮೇಲೆ ಕೆಂಪು ಗೆರೆ ಇದ್ದರೆ ಬಿಗಿ. ಮೊಣಕೈ ಕಡೆಗೆ ಬೆರಳಲ್ಲಿ ತಳ್ಳಿ ಕೈ ಕೆಳಗೆ ಬಿಟ್ಟಾಗ ಕಡಗ ನಿಧಾನವಾಗಿ ಇಳಿದು ಮೂಳೆಯ ಹತ್ತಿರ ನಿಂತರೆ ಸರಿ. ಅಂಗೈ ಬುಡಕ್ಕೆ ಬಂದು ಬಡಿದರೆ ಸಡಿಲ. ಬೆಳ್ಳಿಯ ಕೆಳ ಅಂಚಿನಲ್ಲಿ ಗೀರು ತುಂಬಿದ್ದರೆ ಆಕೆಗೆ ಮೇಜಿನ ಮುಂದೆ ಕೂತು ಮಾಡುವ ಕೆಲಸ ಅಂತ ಲೆಕ್ಕ, ಅಂಥವರಿಗೆ ಕೆಳಭಾಗ ಚಪ್ಪಟೆ, ನಯವಾಗಿ ಬಿಟ್ಟು ಚಿತ್ತಾರವೆಲ್ಲ ಮೇಲೆ ಕೊಡುತ್ತೇನೆ. ತಿರುಪಿನ ಸಂದಿಯಲ್ಲಿ ಹಿಟ್ಟು ಕಟ್ಟಿದ್ದರೆ ರೊಟ್ಟಿ, ಚಪಾತಿ ಮಾಡುವ ಕೈ, ಜಾಲರಿ ಕೆಲಸ ಬೇಡ ಅಂತ ನಾನೇ ಹೇಳುತ್ತೇನೆ. ಯಾವ ಡಿಸೈನ್ ಒಪ್ಪುತ್ತದೆ ಅನ್ನುವುದು ಕ್ಯಾಟಲಾಗಿನಲ್ಲಿ ಇರುವುದಿಲ್ಲ. ಸಣ್ಣ ಮೂಳೆಯ ಕೈಗೆ ಅಗಲ ಪಟ್ಟಿ ಹಾಕಿದರೆ ಪಟ್ಟಿಯೊಂದೇ ಕಾಣುತ್ತದೆ, ಕೈ ಕಾಣುವುದಿಲ್ಲ. ಅವರಿಗೆ ಆರು ಮಿಲಿಮೀಟರ್ ಮೀರದ ಕಂಬಿ ಅಥವಾ ಸರಪಳಿ ಬ್ರೇಸ್‌ಲೆಟ್ ಚೆಂದ. ದಪ್ಪ ಕೈಗೆ ಸಣ್ಣ ಸರಪಳಿ ಹಾಕಿದರೆ ದಾರ ಕಟ್ಟಿದಂತೆ ಮಾಂಸದಲ್ಲಿ ಮುಳುಗುತ್ತದೆ. ಗೆಣ್ಣು ಊದಿ ಮಣಿಕಟ್ಟು ಸಣ್ಣಗಾದ ವಯಸ್ಸಾದ ತಾಯಂದಿರಿಗೆ ತಿರುಪು ಬಿಟ್ಟು ಬೇರೇನೂ ಕೊಡಬೇಡಿ. ಗೆಣ್ಣು ದಾಟಲಿ ಅಂತ ಎರಡು-ಹತ್ತರ ಬಳೆ ಏರಿಸಿದರೆ ಅದು ಮಣಿಕಟ್ಟಿನಲ್ಲಿ ಜೋತಾಡುತ್ತದೆ, ನೋಡಿ ಹೊಟ್ಟೆ ಉರಿಯುತ್ತದೆ.

ಗಾಜಿನ ಬಳೆಯ ನಡುವೆ ಹಾಕಿಕೊಳ್ಳುವವರ ಲೆಕ್ಕವೇ ಬೇರೆ. ಇಪ್ಪತ್ತೆರಡು ಕ್ಯಾರಟ್ ಮೆತ್ತಗೆ, ಗಾಜು ಅದನ್ನು ಗೀರುತ್ತದೆ. ಚಿನ್ನದ್ದು ದೊಡ್ಡದಾದರೆ ಹಸಿರು ಬಳೆಯ ಮೇಲೇರಿ ಅದನ್ನು ಒಡೆಯುತ್ತದೆ. ಅವರಿಗೆ ಮೊಟ್ಟೆಯಾಕಾರ ಬೇಡ, ಗಾಜಿನ ಬಳೆಯ ಅಳತೆಗೇ ದುಂಡಗೆ, ಅಂಚು ಉರುಟು ಮಾಡಿ ಕೊಡುತ್ತೇನೆ.

ಇದರ ನಡುವೆ ಗಂಡಸರ ಬ್ರೇಸ್‌ಲೆಟ್ಟಿಗೂ ಕೈ ಹಾಕಿದೆ. ಹೆಸರಿನ ಪಟ್ಟಿ ಯಾವಾಗಲೂ ಅಂಗೈ ಕಡೆಗೆ ಉರುಳುತ್ತಿತ್ತು, ಭಾರ ಇರುವುದು ಕೆಳಗೇ ಬರುವುದು. ಪಟ್ಟಿ ತೆಳುವಾಗಿಸಿ, ಮಣಿಕಟ್ಟಿನ ಬಾಗಿಗೆ ಬಗ್ಗಿಸಿ, ಕೊಂಡಿಯ ಕಡೆ ತೂಕ ಹೆಚ್ಚಿಸಿದ ಮೇಲೆ ನಿಂತಿತು. ರುದ್ರಾಕ್ಷಿ ಪೋಣಿಸಿದ್ದರಲ್ಲಿ ಇನ್ನೊಂದು ಪಾಠ. ಮಣಿಯ ದಪ್ಪ ಒಳಗಿನ ಜಾಗವನ್ನು ತಿನ್ನುತ್ತದೆ. ಹತ್ತು ಮಿಲಿಮೀಟರಿನ ಮಣಿಯಾದರೆ ಮಣಿಕಟ್ಟಿನ ಸುತ್ತಳತೆಗಿಂತ ಮೂವತ್ತೊಂದು ಮಿಲಿಮೀಟರ್ ಉದ್ದ ಹೆಚ್ಚು ಬೇಕು, ಅದು ಬರೀ ಮುಟ್ಟಿ ಕೂರುವುದಕ್ಕೆ. ಮೇಲೆ ಸಡಿಲಕ್ಕೆ ಐದಾರು ಮಿಲಿಮೀಟರ್. ಮಣಿಯ ದಪ್ಪವನ್ನು ಮೂರು ಚಿಲ್ಲರೆಯಿಂದ ಗುಣಿಸಿ ಸೇರಿಸಿ, ಯಾವ ಮಣಿಗಾದರೂ ಇದೇ ಲೆಕ್ಕ. ತುದಿಯ ಬೆಳ್ಳಿ ಟೋಪಿಗಳನ್ನು ಅಲ್ಲಾಡದ ಹಾಗೆ ಕೂರಿಸುವ ಗುಟ್ಟು ನನ್ನ ಹತ್ತಿರವೇ ಇರಲಿ.

ಈಗ ನನ್ನ ಮಜೂರಿ ಹೆಚ್ಚಿಸಿದ್ದೇನೆ, ಅಳತೆಯ ವಾರಕ್ಕೆ ಪ್ರತ್ಯೇಕ ಐನೂರು ರೂಪಾಯಿ. ಗೊಣಗಿದವರು ಕಡಿಮೆ. ತಲೆ ಆಡಿಸಿದ್ದ ಓಣಿಯ ಇಬ್ಬರು ಹೋದ ತಿಂಗಳು ಸೆಟ್ ಎರವಲು ಕೇಳಲು ಬಂದಿದ್ದರು. ಡಿಪಾಜಿಟ್ ಅವರಿಗೂ ಅಷ್ಟೇ ಅಂದೆ, ಕೊಟ್ಟು ತೆಗೆದುಕೊಂಡು ಹೋದರು.