ಮೊದಲು ಗ್ರಾಫ್, ಆಮೇಲೆ ಪ್ರೊಸೆಸ್: ಫ್ಯಾಬ್ ಲ್ಯಾಬ್ ಪ್ರೆಸೆಂಟೇಶನ್‌, ನನ್ನ ಅನುಭವ

ಪ್ರೊಸೆಸ್ ಫ್ಲೋ (ತಯಾರಿಕೆಯ ಹಂತಗಳ ಸಾಲು) ತೋರಿಸದೆ ಫ್ಯಾಬ್ ಲ್ಯಾಬಿನ (ಸಿಲಿಕಾನಿನ ಮೇಲೆ ಡಯೋಡಿನಂಥವನ್ನು ತಯಾರಿಸುವ ಲ್ಯಾಬ್) ಪ್ರೆಸೆಂಟೇಶನ್ ಸಾಧ್ಯವೇ ಇಲ್ಲ ಎಂದವರೇ ಹೆಚ್ಚು. ಸಾಧ್ಯ. ನಾಲ್ಕು ಬ್ಯಾಚ್‌ಗಳಿಂದ ಹೀಗೇ ಮಾಡಿಸುತ್ತಿದ್ದೇನೆ: ಹತ್ತು ನಿಮಿಷ, ಐದು ಸ್ಲೈಡ್, ಮೊದಲನೆಯದರಲ್ಲೇ ಅಳತೆಯ ಗ್ರಾಫ್. ಹಂತಗಳೆಲ್ಲ ಅಚ್ಚು ಹಾಕಿದ ಒಂದೇ ಹಾಳೆಯಲ್ಲಿ. ಆ ಹಾಳೆಯನ್ನು ಆರಂಭದಲ್ಲೇ ಹಂಚಿದ್ದು ತಪ್ಪಾಯಿತು. ಎಲ್ಲರೂ ಅದನ್ನೇ ಓದುತ್ತ ಕೂತರು. ಈಗ ಗ್ರಾಫ್ ಮುಗಿದ ಮೇಲೆ ಹಂಚಿಸುತ್ತೇನೆ.

ಹಂತಗಳೇ ಮೊದಲು, ಗ್ರಾಫ್ ಆಮೇಲೆ ಎಂಬ ಹಳೆಯ ಕ್ರಮದಿಂದ ದುಡ್ಡೂ ಹೋಗಿದೆ. ಒಂದು ತಂಡ ಡಯೋಡಿನ ಕರೆಂಟ್-ವೋಲ್ಟೇಜ್ ಗ್ರಾಫನ್ನು ಲೀನಿಯರ್ (ಸಮ ಅಂತರದ) ಸ್ಕೇಲಿನಲ್ಲಿ ತೋರಿಸಿ 'ಚೆನ್ನಾಗಿ ಬಂದಿದೆ' ಎಂದಿತು. 10 ಮಿಲಿಆಂಪಿಯರ್ ಸ್ಕೇಲಿನಲ್ಲಿ 10 ನ್ಯಾನೋಆಂಪಿಯರ್ ಲೀಕೇಜೂ (ಉಲ್ಟಾ ವೋಲ್ಟೇಜಿನಲ್ಲಿ ಸೋರುವ ಕರೆಂಟ್) ಅದರ ಸಾವಿರ ಪಟ್ಟಾದ 10 ಮೈಕ್ರೋಆಂಪಿಯರ್ ಲೀಕೇಜೂ ಸೊನ್ನೆಯ ಗೆರೆಗೇ ಅಂಟಿಕೊಂಡಿರುತ್ತವೆ. ಮುಂದಿನ ತಂಡ ಅದೇ ರೆಸಿಪಿ (ತಯಾರಿಕೆಯ ಸೆಟ್ಟಿಂಗ್‌ಗಳು) ಓಡಿಸಿತು. ಸುಮಾರು ಹತ್ತು ವೇಫರ್ (ಸಿಲಿಕಾನ್ ಬಿಲ್ಲೆ) ಕಸಕ್ಕೆ ಹೋದವು, ಕ್ಲೀನ್‌ರೂಮಿನ ಅಷ್ಟೂ ಗಂಟೆಗಳ ಖರ್ಚು ಬೇರೆ. ಈಗ ಲಾಗ್ ಸ್ಕೇಲ್ (ಪ್ರತಿ ಹೆಜ್ಜೆಗೂ ಹತ್ತು ಪಟ್ಟು ಏರುವ ಸ್ಕೇಲ್) ಇಲ್ಲದ ಗ್ರಾಫ್ ನಾನು ನೋಡುವುದೇ ಇಲ್ಲ. ಲಾಗ್‌ನಲ್ಲಿ ಫಾರ್ವರ್ಡ್ (ಡಯೋಡ್ ಕರೆಂಟ್ ಹರಿಯಬಿಡುವ ದಿಕ್ಕಿನ) ಗೆರೆಯ ತುದಿ ಬೇಗ ಬಾಗಿದರೆ ಸೀರೀಸ್ ರೆಸಿಸ್ಟೆನ್ಸ್ (ಕರೆಂಟಿನ ದಾರಿಯಲ್ಲಿನ ರೋಧ) ಜಾಸ್ತಿ; ಮೊದಲು ಕೇಳಬೇಕಾದದ್ದು ಅಲ್ಯೂಮಿನಿಯಂ ಸಂಪರ್ಕ ಸಿಂಟರ್ ಆಗಿದೆಯೇ (ಸಿಲಿಕಾನಿಗೆ ಚೆನ್ನಾಗಿ ಕೂಡುವಂತೆ ಬಿಸಿ ಮಾಡಿದೆಯೇ) ಎಂದು.

'ಫಲಿತಾಂಶ' ಎಂಬ ತಲೆಬರಹಕ್ಕೆ ನಿಷೇಧ. ತಲೆಬರಹ ಸಂಖ್ಯೆಯಿರುವ ಪೂರ್ತಿ ವಾಕ್ಯವಾಗಬೇಕು: '24 ಡಯೋಡ್‌ಗಳಲ್ಲಿ 17 ಸರಿ, ಕೆಟ್ಟ 7ರಲ್ಲಿ 5 ವೇಫರಿನ ಅಂಚಿನವು.' ಹೀಗೆ ಬರೆದ ತಕ್ಷಣ ಎಡ್ಜ್ ಬೀಡ್ ಮಾತು ತಾನಾಗಿ ಏಳುತ್ತದೆ: ಅಂಚಿನಲ್ಲಿ ರೆಸಿಸ್ಟ್ (ಬೆಳಕಿಗೆ ಸ್ಪಂದಿಸುವ ಲೇಪ) ದಪ್ಪ, ಮಾಸ್ಕ್ (ವಿನ್ಯಾಸವಿರುವ ಗಾಜಿನ ಫಲಕ) ಸರಿಯಾಗಿ ಕೂತಿಲ್ಲ. ಕೆಟ್ಟವನ್ನು ಎಣಿಸದ ತಂಡಕ್ಕೆ ಈ ಚರ್ಚೆ ದಕ್ಕುವುದೇ ಇಲ್ಲ.

ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರದಲ್ಲಿ '5000 ಪಟ್ಟು' ಎಂಬುದನ್ನು ಅಳಿಸಿಬಿಡಿ. ಪರದೆಯ ಮೇಲೆ ಹಿಗ್ಗಿದ ಚಿತ್ರಕ್ಕೆ ಅದು ಸುಳ್ಳು. ಸ್ಕೇಲ್ ಬಾರನ್ನು ದಪ್ಪಗೆ ಮತ್ತೆ ಎಳೆಸಿ. ಸ್ಯಾಂಪಲ್ ಓರೆಯಾಗಿಸಿ ತೆಗೆದಿದ್ದರೆ ಚಿತ್ರದಲ್ಲಿ ಕಾಣುವ ನೇರ ಗೋಡೆಯ ಎತ್ತರವನ್ನು ಓರೆಕೋನದ ಸೈನ್‌ನಿಂದ ಭಾಗಿಸಬೇಕು. 45 ಡಿಗ್ರಿಯಲ್ಲಿ 7 ಮೈಕ್ರಾನ್ ಕಂಡರೆ ನಿಜಕ್ಕೆ ಹತ್ತಿರ ಹತ್ತಿರ 10. ಇದನ್ನು ಮರೆಯದ ತಂಡ ಅಪರೂಪ.

ರಿಹರ್ಸಲ್‌ನಲ್ಲಿ ಏಳು ಪ್ರಶ್ನೆ ಕೇಳುತ್ತೇನೆ. ಒಂದನ್ನು ಹೇಳುತ್ತೇನೆ: 100 ಸಿಲಿಕಾನಿನಲ್ಲಿ (ಈ 100 ಸ್ಫಟಿಕದ ಮುಖದ ಹೆಸರು, ಅಳತೆಯಲ್ಲ) 100 ಮೈಕ್ರಾನ್ ಅಗಲದ ಕಿಂಡಿಯಿಂದ ಕೆಒಎಚ್ (ಸಿಲಿಕಾನ್ ಕರಗಿಸುವ ಕ್ಷಾರ) ಕೊರೆದ ವಿ-ಗ್ರೂವ್ (ವಿ ಆಕಾರದ ತೋಡು) 90 ಮೈಕ್ರಾನ್ ಆಳ ಹೇಗಾಯಿತು? ಓರೆ ಗೋಡೆಗಳೆರಡೂ ಕೂಡುವ 71ರ ಸುಮಾರಿಗೆ ನಿಲ್ಲಬೇಕಿತ್ತಲ್ಲ. ಉಳಿದವು ನನ್ನ ಬಳಿಯೇ ಇರಲಿ. ಮೊದಲೇ ಗೊತ್ತಾದರೆ ಉತ್ತರ ಬಾಯಿಪಾಠವಾಗುತ್ತದೆ.

ನಡುವೆ ವೇಫರಿನ ಆಕ್ಸೈಡ್ ಪದರದ, ದಪ್ಪಕ್ಕೆ ತಕ್ಕಂತೆ ಬದಲಾಗುವ ಬಣ್ಣದ ಫೋಟೋ ಹಾಕಿಸಿಯೂ ನೋಡಿದೆ. ಹಳದಿ ದೀಪದ ಕೋಣೆಯಲ್ಲಿ ತೆಗೆದವು ಯಾವ ಕೆಲಸಕ್ಕೂ ಬರಲಿಲ್ಲ. ಬಿಳಿ ಬೆಳಕಿನಲ್ಲಿ, ದಪ್ಪ ಗೊತ್ತಿರುವ ಇನ್ನೊಂದು ವೇಫರ್ ಪಕ್ಕಕ್ಕಿಟ್ಟು ತೆಗೆದದ್ದು ಮಾತ್ರ ನಿಂತಿತು.